ದುಂಡು ಮೂಲೆಗಂಬ: ಮೈಸೂರಿನ ಒಂದು ಮರಗೆಲಸದ ಅಂಗಡಿಯ ಕೆಲಸ, 14 ತಿಂಗಳ ಬಳಕೆಯ ನಂತರ

ನಮ್ಮ ಮನೆಯಲ್ಲಿ ಅಡುಗೆಮನೆಗೂ ಊಟದ ಕೋಣೆಗೂ ನಡುವೆ ಗೋಡೆಯಿಲ್ಲ. ಗೋಡೆಯ ಜಾಗದಲ್ಲಿ ಸೊಂಟದೆತ್ತರದ ಕ್ಯಾಬಿನೆಟ್ಟುಗಳ ಒಂದು ಸಾಲಿದೆ, ಅದರ ಮೇಲೆ ಗ್ರಾನೈಟ್ ಹಾಸಿದೆ. ಈ ಸಾಲಿನ ತುದಿ ಮನೆಯವರೆಲ್ಲ ಓಡಾಡುವ ದಾರಿಗೇ ಚಾಚಿಕೊಂಡಿರುವುದರಿಂದ ಅದರ ಎರಡು ಚೂಪು ಮೂಲೆಗಳು ನಮ್ಮನ್ನು ವರ್ಷಗಟ್ಟಲೆ ಕಾಡಿದವು. ವಯಸ್ಸಾದ ನಮ್ಮ ಅತ್ತೆಯವರಿಗೆ ತೊಡೆಯ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಪೆಟ್ಟು ಬಿದ್ದು ನೀಲಿಗಟ್ಟುತ್ತಿತ್ತು. ಎರಡೂವರೆ ವರ್ಷದ ಮೊಮ್ಮಗನ ಹಣೆಗೂ ಗ್ರಾನೈಟಿನ ಮೂಲೆಗೂ ಎತ್ತರ ಸರಿಸಮವಾಗಿತ್ತು. ಕ್ಯಾಬಿನೆಟ್ಟುಗಳನ್ನು ಹೊಸದಾಗಿ ಮಾಡಿಸುವ ಕಾಲ ಬಂದಾಗ ಬೇರೆ ಯಾವ ಆಸೆಗಿಂತ ಮೊದಲು ನಾನು ಕೇಳಿದ್ದು ಆ ಎರಡು ಮೂಲೆಗಳು ದುಂಡಗಾಗಬೇಕು ಎಂಬುದನ್ನು. ಕ್ಯಾಬಿನೆಟ್ಟಿನ ಮೂಲೆಯಲ್ಲಿ ಕಾಲು ವೃತ್ತವಾಗಿ ಬಾಗಿದ ಹಲಗೆಯ ಕಂಬ, ಅಂದರೆ ಮೂಲೆಗಂಬ, ನಿಲ್ಲಿಸಿ ಆ ಕೆಲಸವನ್ನು ಮಾಡಿಕೊಟ್ಟ ಮೈಸೂರಿನ ಒಂದು ಚಿಕ್ಕ ಮರಗೆಲಸದ ಅಂಗಡಿಯ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಅಂಗಡಿಯ ಹಿರಿಯರು ಹೆಸರು ಹಾಕುವುದು ಬೇಡವೆಂದು ಕೇಳಿಕೊಂಡಿದ್ದಾರೆ, ಹಾಗಾಗಿ ಅವರನ್ನು ಆಚಾರ್ಯರು ಎಂದಷ್ಟೇ ಕರೆಯುತ್ತೇನೆ.

ಇವರಲ್ಲಿಗೆ ಹೋಗುವ ಮೊದಲು ಒಂದು ಮಾಡ್ಯುಲರ್ ಕಿಚನ್ ಕಂಪನಿಯ ಜೊತೆ ಎರಡು ತಿಂಗಳು ಕಳೆದಿದ್ದೆವು. ಅವರ ಬಳಿ ಇದ್ದದ್ದು ಒಂದೇ ಅಳತೆಯ, ಕಾರ್ಖಾನೆಯಲ್ಲಿ ಅಚ್ಚು ಹಾಕಿದ ಪ್ಲಾಸ್ಟಿಕ್ ಮೂಲೆ. ಅದರ ದುಂಡು ಎಷ್ಟು ಸಣ್ಣದೆಂದರೆ ಅಂಚನ್ನು ಸ್ವಲ್ಪ ಸವರಿದಂತೆ ಕಾಣುತ್ತಿತ್ತು. ದೊಡ್ಡ ದುಂಡು ಬೇಕೆಂದಾಗ ಸ್ಥಳದಲ್ಲೇ ಮಾಡಿಕೊಡುತ್ತೇವೆಂದು ಒಪ್ಪಿ, ಬಾಗಿಸಿದ ಹಲಗೆಯ ಮೇಲೆ 1 ಮಿಲಿಮೀಟರ್ ದಪ್ಪದ ಸಾಮಾನ್ಯ ಲ್ಯಾಮಿನೇಟನ್ನು ಒತ್ತಿ ಅಂಟಿಸಲು ನೋಡಿದರು. ಅದು ನಡುವೆ ಉದ್ದಕ್ಕೆ ಸೀಳಿತು. ಬಾಗಿಸುವುದಕ್ಕೆಂದೇ ತಯಾರಾಗುವ, ಇನ್ನೂ ತೆಳುವಾದ ಲ್ಯಾಮಿನೇಟ್ ಬೇರೆ ಇದೆ, ಅದನ್ನು ಕಾಯಿಸಿ ಬಾಗಿಸಬೇಕು ಎಂಬುದು ನನಗೆ ಆಮೇಲೆ ತಿಳಿಯಿತು. ಬಂದ ಹುಡುಗರಿಗೆ ಅದು ತಿಳಿದಿರಲಿಲ್ಲ, ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮುಂಗಡದಲ್ಲಿ ಸ್ವಲ್ಪ ಭಾಗ ಕಳೆದುಕೊಂಡು ಆ ಒಪ್ಪಂದದಿಂದ ಹೊರಬಂದೆವು.

ಆಚಾರ್ಯರ ಅಂಗಡಿ ಹೆಂಚಿನ ಮಾಡಿನ ಒಂದು ಉದ್ದನೆಯ ಕೊಟ್ಟಿಗೆ. ಅವರ ಜೊತೆ ಮಗ ಮತ್ತು ಇಬ್ಬರು ಕೆಲಸಗಾರರಿದ್ದಾರೆ. ಗರಗಸದ ಯಂತ್ರವೂ ಮರದಲ್ಲಿ ತೋಡು ಕೊರೆಯುವ ರೌಟರ್ ಯಂತ್ರವೂ ಇವೆ. ಗೋಡೆಯ ಮೇಲೆ ಉಳಿ, ಬಾಚಿ, ಕೊಡತಿಗಳೂ ಸಾಲಾಗಿ ನೇತಾಡುತ್ತವೆ. ನಮ್ಮ ಅಗತ್ಯವನ್ನು ಹೇಳಿದಾಗ ಅವರು ದರ ಹೇಳಲಿಲ್ಲ. ಒಳಗಿನಿಂದ ಗೇಣುದ್ದದ ಮೂರು ಮಾದರಿ ತುಂಡುಗಳನ್ನು ತಂದು ಬೆಂಚಿನ ಮೇಲಿಟ್ಟು, “ಮೇಡಂ, ಕಣ್ಣು ಮುಚ್ಚಿ ಒಂದೊಂದನ್ನೂ ಸವರಿ ನೋಡಿ, ಆಮೇಲೆ ಮಾತಾಡೋಣ” ಎಂದರು. ಈ ಒಂದು ನಡೆಯಿಂದಲೇ ನನಗೆ ಅವರ ಮೇಲೆ ನಂಬಿಕೆ ಬಂತು. ಮೂಲೆಗಂಬದ ದೋಷ ಕಣ್ಣಿಗಿಂತ ಮೊದಲು ಅಂಗೈಗೆ ಸಿಗುತ್ತದೆ ಎಂಬುದನ್ನು ಆ ದಿನ ಕಲಿತೆ.

ಮೊದಲನೆಯ ತುಂಡು ಹಿಂಬದಿಯಲ್ಲಿ ಗೀರು ಹಾಕಿ ಬಾಗಿಸಿದ ಪ್ಲೈವುಡ್. 18 ಮಿಲಿಮೀಟರ್ ದಪ್ಪದ ಹಲಗೆಯ ಹಿಂಬದಿಯಲ್ಲಿ 16 ಮಿಲಿಮೀಟರ್ ಆಳಕ್ಕೆ ಸಾಲುಸಾಲಾಗಿ ಗರಗಸದ ಗೀರುಗಳನ್ನು ಹಾಕಿ, ಮುಂದೆ 2 ಮಿಲಿಮೀಟರ್ ಮಾತ್ರ ಉಳಿಸಿದರೆ ಹಲಗೆ ಬಾಗುತ್ತದೆ. ಬಾಗುತ್ತಾ ಹೋದಂತೆ ಗೀರುಗಳ ಬಾಯಿ ಮುಚ್ಚಿಕೊಳ್ಳುತ್ತದೆ. ನಾನು ಗಣಿತ ಉಪನ್ಯಾಸಕಿಯಾಗಿದ್ದವಳಾದ್ದರಿಂದ ಇದರ ಲೆಕ್ಕವನ್ನು ಅಲ್ಲೇ ಒಂದು ಹಲಗೆಯ ಚೂರಿನ ಮೇಲೆ ಹಾಕಿದೆ. ಕಾಲು ವೃತ್ತ ಬಾಗಲು ಹಿಂಬದಿಯಲ್ಲಿ ತೆಗೆಯಬೇಕಾದ ಒಟ್ಟು ಅಗಲವೆಂದರೆ ಗೀರಿನ ಆಳವನ್ನು ಪೈನ ಅರ್ಧದಿಂದ ಗುಣಿಸಿದಷ್ಟು, ಅಂದರೆ ಸುಮಾರು 25 ಮಿಲಿಮೀಟರ್. ಗರಗಸದ ಹಲ್ಲು 3 ಮಿಲಿಮೀಟರ್ ಅಗಲ ಕತ್ತರಿಸುವುದಾದರೆ ಎಂಟು ಒಂಬತ್ತು ಗೀರು ಸಾಕು. ದುಂಡು ಸಣ್ಣದಿರಲಿ ದೊಡ್ಡದಿರಲಿ ಗೀರುಗಳ ಸಂಖ್ಯೆ ಬದಲಾಗುವುದಿಲ್ಲ, ಅವುಗಳ ನಡುವಿನ ಅಂತರ ಮಾತ್ರ ಹೆಚ್ಚುತ್ತದೆ. ನಾವು ಬಯಸಿದ್ದು 150 ಮಿಲಿಮೀಟರ್ ತ್ರಿಜ್ಯದ ದುಂಡು. ಅದರ ಕಾಲು ವೃತ್ತದ ಉದ್ದ ಸುಮಾರು 236 ಮಿಲಿಮೀಟರ್ ಆಗುವುದರಿಂದ ಎರಡು ಗೀರುಗಳ ನಡುವೆ 28 ಮಿಲಿಮೀಟರ್ ದೂರ ಉಳಿಯುತ್ತದೆ. ಹಲಗೆ ಬಾಗುವುದು ಗೀರು ಇದ್ದಲ್ಲಿ ಮಾತ್ರ, ನಡುವಿನ ಪಟ್ಟಿ ಚಪ್ಪಟೆಯಾಗಿಯೇ ಇರುತ್ತದೆ. ಅಂಗೈಗೆ ಸಿಕ್ಕಿದ್ದು ಆ ಚಪ್ಪಟೆ ಪಟ್ಟಿಗಳೇ. ಹಲ್ಲು ತೆಳುವಾದಷ್ಟೂ ಗೀರುಗಳ ಸಂಖ್ಯೆ ಹೆಚ್ಚಿ ಮೈ ನುಣುಪಾಗುತ್ತದೆ, ಆದರೆ 2 ಮಿಲಿಮೀಟರಿನ ಮುಂಬದಿಯ ಬಲ ಹಾಗೆಯೇ ಇರುತ್ತದೆ. ಬಿಂದಿಗೆಯ ತಳ ತಾಗಿದರೆ ಅದು ಒಳಕ್ಕೆ ಕುಸಿಯುವ ಸಂಭವವಿದೆ ಎಂದು ಆಚಾರ್ಯರೇ ಹೇಳಿದರು.

ಎರಡನೆಯದು ಗಟ್ಟಿ ತೇಗದ ಪಟ್ಟಿಗಳನ್ನು ಅಂಚಿಗೆ ಅಂಚು ಜೋಡಿಸಿ, ಆಮೇಲೆ ದುಂಡಗೆ ಹೆರೆದದ್ದು. ಪೀಪಾಯಿಯನ್ನು ಕಟ್ಟುವ ರೀತಿಯೇ ಇದು. ಕಾಲು ವೃತ್ತಕ್ಕೆ ಆರು ಪಟ್ಟಿ ಹಿಡಿದರೆ ಪ್ರತಿ ಪಟ್ಟಿಯ ಎರಡೂ ಅಂಚುಗಳನ್ನು ಏಳೂವರೆ ಡಿಗ್ರಿ ಓರೆಯಾಗಿ ಕತ್ತರಿಸಬೇಕು. ಆಗ ಪಟ್ಟಿಗಳು ಕೂಡುವ ಏಣುಗಳು ವೃತ್ತಕ್ಕಿಂತ ಸುಮಾರು 1.3 ಮಿಲಿಮೀಟರ್ ಮಾತ್ರ ಹೊರಗಿರುತ್ತವೆ, ಉಜ್ಜುಗೊರಡಿನಿಂದ ಅಷ್ಟನ್ನು ಹೆರೆದರೆ ಮೈ ದುಂಡಾಗುತ್ತದೆ. ಮೂರೇ ಪಟ್ಟಿಯಲ್ಲಿ ಮುಗಿಸಲು ಹೊರಟರೆ ಓರೆ 15 ಡಿಗ್ರಿಯಾಗಿ, ಹೆರೆಯಬೇಕಾದ ಏಣು 5 ಮಿಲಿಮೀಟರ್ ದಾಟುತ್ತದೆ. ಮರವೂ ಹಾಳು, ಶ್ರಮವೂ ಹೆಚ್ಚು. ಸವರಿದಾಗ ಈ ತುಂಡಿನಷ್ಟು ಹಿತವಾದದ್ದು ಬೇರೊಂದಿರಲಿಲ್ಲ. ಆದರೆ ನಮ್ಮ ಕ್ಯಾಬಿನೆಟ್ಟಿನ ಬಾಗಿಲುಗಳು, ಅಂದರೆ ಶಟರುಗಳು, ತೇಗದ ವೆನೀರಿನವು, ಹಲಗೆಯ ಮೇಲೆ ತೇಗದ ತೆಳು ಹಾಳೆ ಅಂಟಿಸಿದವು. ಗಟ್ಟಿ ಮರದ ಪಟ್ಟಿಗಳ ಎಳೆ ಒಂದೊಂದರಲ್ಲಿ ಒಂದೊಂದು ಬಗೆಯಾಗಿ ಕಾಣುತ್ತದೆ, ಬೆಲೆಯೂ ಹೆಚ್ಚುಕಡಿಮೆ ಎರಡರಷ್ಟು. ಅದನ್ನು ಬಿಡುವಾಗ ನನಗೆ ನಿಜವಾಗಿಯೂ ಮನಸ್ಸಿಗೆ ಕಷ್ಟವಾಯಿತು.

ನಾವು ಆರಿಸಿದ್ದು ಮೂರನೆಯದನ್ನು: ಬಾಗುವ ಪ್ಲೈ, ಅಂಗಡಿಗಳಲ್ಲಿ ಫ್ಲೆಕ್ಸಿ ಪ್ಲೈ ಎಂದು ಸಿಗುವ ಹಾಳೆಗಳನ್ನು, ಒಂದರ ಮೇಲೊಂದು ಅಂಟಿಸಿ ಅಚ್ಚಿನ ಮೇಲೆ ಕಟ್ಟುವ ವಿಧಾನ. 4 ಮಿಲಿಮೀಟರಿನ ನಾಲ್ಕು ಪದರ, ಹೊರಗೆ ಅರ್ಧ ಮಿಲಿಮೀಟರಿನ ತೇಗದ ವೆನೀರ್, ಒಟ್ಟು ಹದಿನಾರೂವರೆ ಮಿಲಿಮೀಟರ್. ಈ ಹಾಳೆ ಕೊಳ್ಳುವವರು ಒಂದು ಮಾತನ್ನು ನೆನಪಿಡಬೇಕು. ಎಂಟು ಅಡಿಗೆ ನಾಲ್ಕು ಅಡಿಯ ಹಾಳೆಗಳಲ್ಲಿ ಎರಡು ಬಗೆಯಿವೆ. ಒಂದು ಉದ್ದಕ್ಕೆ ನೆಟ್ಟಗೆ ನಿಂತು ಅಗಲದಲ್ಲಿ ಸುರುಳಿಯಾಗುತ್ತದೆ, ಇನ್ನೊಂದು ಅಗಲಕ್ಕೆ ನೆಟ್ಟಗೆ ನಿಂತು ಉದ್ದದಲ್ಲಿ ಸುರುಳಿಯಾಗುತ್ತದೆ. ಎತ್ತರದ ಕಂಬಕ್ಕೆ ಮೊದಲನೆಯದು ಅನುಕೂಲ. ನಮ್ಮಂತೆ 730 ಮಿಲಿಮೀಟರ್ ಎತ್ತರದ ಕಂಬಕ್ಕೆ ಎರಡೂ ಆಗುತ್ತದೆ, ಆದರೆ ತುಂಡು ಕತ್ತರಿಸುವಾಗ ದಿಕ್ಕು ತಪ್ಪಿದರೆ ಇಡೀ ಹಾಳೆ ವ್ಯರ್ಥವಾಗುತ್ತದೆ. ವೆನೀರಿನ ಎಳೆಯೂ ಮೇಲಿಂದ ಕೆಳಕ್ಕೆ ಇರಬೇಕು. ಎಳೆ ಅಡ್ಡಲಾಗಿದ್ದರೆ ಬಾಗಿಸುವಾಗ ಅದು ಮುರಿಯುತ್ತದೆ. ನಮ್ಮ ಶಟರುಗಳ ಎಳೆಯೂ ಮೇಲಿಂದ ಕೆಳಕ್ಕೇ ಇದ್ದದ್ದು ಅದೃಷ್ಟ.

ಇನ್ನು ಅಚ್ಚಿನ ವಿಷಯ. ಈ ಅಂಗಡಿಯನ್ನು ನಾನು ಇಷ್ಟು ಮೆಚ್ಚಲು ಮುಖ್ಯ ಕಾರಣ ಅದೇ. ಕಂಬ ಮಾಡಲು ಅವರಿಗೆ ಒಂದೂವರೆ ದಿನ ಸಾಕಾಯಿತು, ಅಚ್ಚು ಮಾಡಲು ಎರಡು ದಿನ ಹಿಡಿಯಿತು. ಪ್ಲೈವುಡ್ಡಿನ ಕಾಲು ವೃತ್ತದ ತುಂಡುಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿ, ಮೇಲೆ ತೆಳು ಪಟ್ಟಿಗಳನ್ನು ಹೊದಿಸಿ, ಎಲ್ಲಿಯೂ ಉಬ್ಬುತಗ್ಗು ಇಲ್ಲದಂತೆ ಉಪ್ಪುಕಾಗದದಿಂದ ಉಜ್ಜಿದರು. ಉಬ್ಬು ಅಚ್ಚಿನಲ್ಲಿದ್ದರೆ ಅದು ಎರಡೂ ಕಂಬಗಳಲ್ಲಿ ಬರುತ್ತದೆ, ನಮ್ಮ ಎರಡು ಕಂಬಗಳೋ ಅಕ್ಕಪಕ್ಕದಲ್ಲಿ ಒಂದೇ ನೋಟಕ್ಕೆ ಬೀಳುವಂಥವು. ಲೆಕ್ಕದ ಪ್ರಕಾರ ಕಂಬದ ಒಳಮೈಯ ತ್ರಿಜ್ಯ ಸುಮಾರು 133 ಮಿಲಿಮೀಟರ್ ಇರಬೇಕು. ಅವರು ಅಚ್ಚನ್ನು 130ಕ್ಕೆ ಮಾಡಿದರು. ಯಾಕೆಂದು ಕೇಳಿದೆ. “ಕಟ್ಟು ಬಿಚ್ಚಿದ ಮೇಲೆ ಹಲಗೆ ಉಸಿರು ಬಿಡ್ತದೆ ಮೇಡಂ, ಅದಕ್ಕೆ ಸ್ವಲ್ಪ ಜಾಗ ಇಡಬೇಕು” ಎಂದರು. ಬಾಗಿಸಿದ ಪದರಗಳು ಅಂಟು ಒಣಗಿದ ಮೇಲೂ ಸ್ವಲ್ಪ ಬಿಚ್ಚಿಕೊಳ್ಳುತ್ತವೆ. ಪದರಗಳು ಹೆಚ್ಚಿದಷ್ಟೂ ಬಿಚ್ಚಿಕೊಳ್ಳುವುದು ಕಡಿಮೆಯಾಗುತ್ತದೆ. ಎಷ್ಟು ಎಂಬುದಕ್ಕೆ ಅವರಲ್ಲಿ ಸೂತ್ರವಿರಲಿಲ್ಲ, ಹಿಂದಿನ ಕೆಲಸಗಳ ಅನುಭವವಿತ್ತು, ಜೊತೆಗೆ ಒಂದು ಚಿಕ್ಕ ತುಂಡಿನ ಮೇಲೆ ಮಾಡಿ ನೋಡಿದ ಪರೀಕ್ಷೆಯಿತ್ತು.

ಕಟ್ಟುವ ದಿನ ನಾನು ಅಲ್ಲಿಯೇ ಕುಳಿತಿದ್ದೆ. ಅಂಟು ಅಚ್ಚಿಗೆ ಹಿಡಿಯದಿರಲೆಂದು ಮೊದಲು ಪ್ಲಾಸ್ಟಿಕ್ ಹಾಳೆ ಹಾಸಿದರು. ನಾಲ್ಕು ಪದರಗಳಿಗೂ ನೀರು ತಡೆಯುವ ಬಗೆಯ ಅಂಟನ್ನು ಹಚ್ಚಿ ಒಟ್ಟಿಗೆ ಅಚ್ಚಿನ ಮೇಲಿಟ್ಟು, ಹಳೆಯ ಸೈಕಲ್ ಟ್ಯೂಬುಗಳನ್ನು ಸೀಳಿ ಮಾಡಿಕೊಂಡಿದ್ದ ಪಟ್ಟಿಗಳಿಂದ ಮೇಲಿಂದ ಕೆಳಗಿನವರೆಗೆ ಎಳೆದು ಸುತ್ತಿದರು, ತುದಿಗಳಿಗೆ ಕ್ಲ್ಯಾಂಪ್ ಬಿಗಿದರು. ಕ್ಲ್ಯಾಂಪ್ ಒತ್ತುವುದು ಒಂದೊಂದು ಜಾಗದಲ್ಲಿ, ರಬ್ಬರ್ ಪಟ್ಟಿ ಒತ್ತುವುದು ಮೈಯೆಲ್ಲ. ಬಾಗಿದ ಮೈಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ತೋಚುವುದಿಲ್ಲ. ಹೊರಪದರ ಒಳಪದರಕ್ಕಿಂತ ಉದ್ದವಿರಬೇಕು. ಹದಿನಾರೂವರೆ ಮಿಲಿಮೀಟರ್ ದಪ್ಪಕ್ಕೆ ಕಾಲು ವೃತ್ತದಲ್ಲಿ ಆ ವ್ಯತ್ಯಾಸ ಸುಮಾರು 26 ಮಿಲಿಮೀಟರ್. ಅದನ್ನು ಮೊದಲೇ ಯೋಚಿಸಿ ಎಲ್ಲ ಪದರಗಳನ್ನೂ ಉದ್ದವಾಗಿ ಕತ್ತರಿಸಿಕೊಂಡಿದ್ದರು, ಒಣಗಿದ ಮೇಲೆ ತುದಿಗಳನ್ನು ಒಟ್ಟಿಗೆ ನೇರ ಮಾಡಿದರು. 24 ಗಂಟೆ ಬಿಟ್ಟು ಬಿಚ್ಚಿದಾಗ ಕಂಬ ಮೆಲ್ಲಗೆ ಸಡಿಲಗೊಂಡು ಬೇಕಾದ ಅಳತೆಗೆ ಬಂದು ನಿಂತಿತು. ಮೂಲೆಮಟ್ಟ ಹಿಡಿದು ನೋಡಿದೆ. ಕಂಬದ ಎರಡು ಬದಿಗಳ ನಡುವೆ 90 ಡಿಗ್ರಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ದುಂಡಿನ ಎರಡೂ ಕಡೆ 25 ಮಿಲಿಮೀಟರಿನಷ್ಟು ನೇರ ಭಾಗವನ್ನು ಉಳಿಸಿದ್ದು ಅವರ ಇನ್ನೊಂದು ಜಾಣತನ. ಬಾಗು ಮುಗಿಯುವ ಜಾಗದಲ್ಲೇ ಪಕ್ಕದ ಹಲಗೆಯನ್ನು ಜೋಡಿಸಿದರೆ ಸಂದು ಎದ್ದು ಕಾಣುತ್ತದೆ, ಬೆಳಕು ಬಿದ್ದಾಗ ಅಲ್ಲೊಂದು ಮುರಿವು ತೋರುತ್ತದೆ. ನೇರ ಭಾಗದಲ್ಲಿ ನಾಲಿಗೆ ಮತ್ತು ಗಾಡಿ (ಒಂದರ ಅಂಚಿನ ಏಣು ಇನ್ನೊಂದರ ತೋಡಿನೊಳಗೆ ಕೂರುವ ಜೋಡಣೆ) ಕೊರೆದು ಕೂರಿಸಿದ್ದರಿಂದ ಬಾಗು ಎಲ್ಲಿ ಶುರುವಾಯಿತು ಎಂಬುದನ್ನು ಹುಡುಕಬೇಕಾಗುತ್ತದೆ. 600 ಮಿಲಿಮೀಟರ್ ಅಗಲದ ತುದಿಯಲ್ಲಿ ಎರಡು ಕಂಬಗಳು 350 ತೆಗೆದುಕೊಂಡು ನಡುವೆ 250 ಮಿಲಿಮೀಟರ್ ಚಪ್ಪಟೆ ಹಲಗೆ ಉಳಿದಿದೆ. ನೋಡಲು ಹದವಾಗಿದೆ. ಒಳಗಡೆ ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಕಡೆ 18 ಮಿಲಿಮೀಟರ್ ದಪ್ಪದ, ನೀರಿಗೆ ತಾಳುವ ಮರೈನ್ ಪ್ಲೈವುಡ್ಡಿನ ಕಾಲು ವೃತ್ತದ ತಟ್ಟೆಗಳನ್ನು ಕೂರಿಸಿದ್ದಾರೆ. ಬೆರಳಿನಿಂದ ಬಡಿದರೆ ಟೊಳ್ಳು ಸದ್ದು ಬರುವುದಿಲ್ಲ.

ಕಂಬದ ಹಿಂದಿನ ಜಾಗ ಬಳಕೆಗೆ ಸಿಗುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಪಾತ್ರೆ ಇಡುವ ಜಾಗದಲ್ಲಿ ನಮಗೆ ತುದಿಯುದ್ದಕ್ಕೂ ಅರ್ಧ ಅಡಿ ಕಡಿಮೆಯಾಯಿತು. ಅದರಲ್ಲಿ ಮಿಕ್ಸಿಯ ಪ್ಲಗ್ಗಿಗೆ ವೈರಿನ ಪೈಪನ್ನು ಹಾಯಿಸಿಕೊಂಡೆವು, ಅದಕ್ಕಾಗಿ ಎಲೆಕ್ಟ್ರಿಷಿಯನ್ ಕಂಬ ಕೂರಿಸುವ ಮೊದಲೇ ಬರಬೇಕಾಯಿತು. ಗ್ಯಾಸಿನ ಕೊಳವೆಯನ್ನೂ ಅಲ್ಲೇ ಹಾಯಿಸಬಹುದೇ ಎಂದು ನಾನು ಕೇಳಿದಾಗ ಆಚಾರ್ಯರು ಸುತರಾಂ ಒಪ್ಪಲಿಲ್ಲ. ಸಿಲಿಂಡರಿನ ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮುಚ್ಚಿದ ಜಾಗದ ತಳದಲ್ಲಿ ಹೊರಗೆ ಕಾಣದಂತೆ ನಿಲ್ಲುತ್ತದೆ. ಗಿರಾಕಿ ಕೇಳಿದ್ದಕ್ಕೆಲ್ಲ ತಲೆಯಾಡಿಸದೆ ಬೇಡವೆಂದು ಹೇಳುವ ಕೆಲಸಗಾರರು ಸಿಗುವುದು ದೊಡ್ಡ ಮಾತು.

ಗ್ರಾನೈಟಿನಲ್ಲಿ ಒಂದು ತಪ್ಪು ಆಗುವುದರಲ್ಲಿತ್ತು. ನಮ್ಮದು ಚಾಮರಾಜನಗರದ ಕಡೆಯ ಕಪ್ಪು ಕಲ್ಲು, 20 ಮಿಲಿಮೀಟರ್ ದಪ್ಪ. ಕಲ್ಲು ಕತ್ತರಿಸುವವರು ಕಂಬದ ದುಂಡನ್ನೇ, ಅಂದರೆ 150 ಮಿಲಿಮೀಟರನ್ನೇ, ಕಲ್ಲಿಗೂ ಗುರುತು ಹಾಕಿಕೊಂಡಿದ್ದರು. ಕಲ್ಲು ಎಲ್ಲ ಕಡೆ 25 ಮಿಲಿಮೀಟರ್ ಹೊರಚಾಚಬೇಕಾದರೆ ಅದರ ತ್ರಿಜ್ಯ 175 ಆಗಬೇಕು, ಎರಡೂ ವೃತ್ತಗಳ ಕೇಂದ್ರ ಒಂದೇ ಇರಬೇಕು. ಅದೇ 150ನ್ನು ಹೊರಕ್ಕೆ ಸರಿಸಿ ಕತ್ತರಿಸಿದರೆ ಪಕ್ಕಗಳಲ್ಲಿ 25 ಇದ್ದ ಚಾಚು ಮೂಲೆಯ ನಡುವೆ 35 ಆಗುತ್ತದೆ, ದುಂಡು ಮಾಡಿಸಿದ ಉದ್ದೇಶವೇ ಅರ್ಧ ಕೆಡುತ್ತದೆ. ಆಚಾರ್ಯರ ಮಗ ತೆಳು ಹಲಗೆಯಲ್ಲಿ ಮಾದರಿ ಕತ್ತರಿಸಿ ತಂದು ಕಲ್ಲಿನ ಮೇಲಿಟ್ಟು ಗುರುತನ್ನು ತಿದ್ದಿಸಿದರು. ಇದು ಅವರ ಕೆಲಸವಾಗಿರಲಿಲ್ಲ, ಇದಕ್ಕೆ ಹಣವನ್ನೂ ಕೇಳಲಿಲ್ಲ. ಕಂಬ ನಿಂತ ಮೇಲೆಯೇ ಕಲ್ಲು ಕತ್ತರಿಸಬೇಕು ಎಂದು ಅವರು ಹಟ ಹಿಡಿದದ್ದು ಯಾಕೆಂಬುದೂ ಆಗ ಅರ್ಥವಾಯಿತು.

ಇನ್ನು ಕುಂದುಗಳು. ಕ್ಯಾಬಿನೆಟ್ಟಿನ ಬುಡಕ್ಕೂ ನೆಲಕ್ಕೂ ನಡುವಿನ ಸ್ಕರ್ಟಿಂಗ್ ಪಟ್ಟಿಯಲ್ಲಿ ಈ ಅಂಗಡಿ ಎಡವಿತು. ನಿಂತು ಕೆಲಸ ಮಾಡುವವರ ಪಾದಕ್ಕೆ ಜಾಗ ಬೇಕಾದ್ದರಿಂದ ಅದು 50 ಮಿಲಿಮೀಟರ್ ಒಳಕ್ಕಿರುತ್ತದೆ, ಅದರ ದುಂಡಿನ ತ್ರಿಜ್ಯ 100. ಲೆಕ್ಕ ಸರಿಯಾಗಿತ್ತು, ಸಾಮಗ್ರಿ ಸರಿಯಾಗಿರಲಿಲ್ಲ. ಉಳಿದ ಫ್ಲೆಕ್ಸಿ ಪ್ಲೈ ತುಂಡುಗಳಿಂದಲೇ ಅದನ್ನೂ ಮಾಡಿದ್ದರು. ನಾವು ಕೊಂಡಿದ್ದ ಆ ಪ್ಲೈ ಮರೈನ್ ದರ್ಜೆಯದಲ್ಲ, ನೆಲ ಒರೆಸುವ ನೀರನ್ನು ದಿನವೂ ತಾಳಿಕೊಳ್ಳಲಾರದು. ಐದನೆಯ ತಿಂಗಳಿಗೆ ಕೆಳ ಅಂಚು ಉಬ್ಬಿ ಪದರಗಳು ಬಾಯಿಬಿಟ್ಟವು. ಕರೆದ ಮೂರನೆಯ ದಿನ ಬಂದು ನೋಡಿ, ವಾದ ಮಾಡದೆ ಬಿಚ್ಚಿಕೊಂಡು ಹೋದರು. ಈ ಸಲ ತೇಗದ ಪಟ್ಟಿಗಳನ್ನು ಜೋಡಿಸಿ ದುಂಡಗೆ ಹೆರೆದು, ನೆಲದಿಂದ 5 ಮಿಲಿಮೀಟರ್ ಎತ್ತರದಲ್ಲಿ ಕೂರಿಸಿ, ಆ ಸಂದಿಗೆ ಜಿರಳೆ ನುಗ್ಗದಂತೆ ಸಿಲಿಕೋನ್ ತುಂಬಿದರು. ಅದು ಈಗಲೂ ಚೆನ್ನಾಗಿದೆ. ಆದರೆ ಅಷ್ಟು ಅನುಭವವಿರುವವರು ನೀರು ತಾಗುವ ಜಾಗಕ್ಕೆ ಉಳಿಕೆ ಹಲಗೆಯನ್ನು ಬಳಸಬಾರದಿತ್ತು ಎಂದು ನಾನು ಅವರಿಗೇ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತೇನೆ.

ಎರಡನೆಯ ಕುಂದು ಬಣ್ಣದ್ದು. ಶಟರುಗಳ ಮೇಲಿರುವುದು 4 ಮಿಲಿಮೀಟರಿನ ವೆನೀರ್ ಹಲಗೆ, ಕಂಬದ ಮೇಲಿರುವುದು ಬಿಡಿ ವೆನೀರ್. ಎರಡೂ ತೇಗವೇ ಆದರೂ ಬೇರೆ ಬೇರೆ ಮರದ ದಿಮ್ಮಿಯಿಂದ ಬಂದವು. ಪಾಲಿಶ್ ಆದ ಮೇಲೆ ಕಂಬಗಳು ಶಟರುಗಳಿಗಿಂತ ಸ್ವಲ್ಪ ಕೆಂಪಾಗಿ ಕಾಣುತ್ತವೆ. ಬೆಳಗಿನ ಬಿಸಿಲು ಬಿದ್ದಾಗ ಇದು ಎದ್ದು ತೋರುತ್ತದೆ, ಸಂಜೆಯ ದೀಪದಲ್ಲಿ ತೋರುವುದಿಲ್ಲ. ಎರಡಕ್ಕೂ ಒಂದೇ ಕಟ್ಟಿನ ಬಿಡಿ ವೆನೀರನ್ನು ಮೊದಲೇ ಕೊಂಡಿದ್ದರೆ ಇದನ್ನು ತಪ್ಪಿಸಬಹುದಿತ್ತು. ಅರ್ಧ ತಪ್ಪು ನಮ್ಮದು, ಶಟರುಗಳ ಹಲಗೆಯನ್ನು ನಾವು ಮುಂಚೆಯೇ ಕೊಂಡಿಟ್ಟಿದ್ದೆವು. ಹಾಗಿದ್ದರೂ ಪಾಲಿಶ್ ಹಾಕುವ ಮೊದಲು ಒಂದು ತುಂಡಿನ ಮೇಲೆ ಬಣ್ಣ ಹೊಂದಿಸಿ ತೋರಿಸಬಹುದಿತ್ತು.

ಹೇಳಿದ್ದು 10 ದಿನ, ಆದದ್ದು 19 ದಿನ. ನಡುವೆ ಅವರ ಮನೆಯಲ್ಲಿ ಮದುವೆಯೊಂದು ಬಂತು. ಅದನ್ನು ಮೊದಲೇ ಹೇಳಿದ್ದರೆ ನಾವು ಹೊರಗಿನ ಊಟದ ವ್ಯವಸ್ಥೆ ಮಾಡಿಕೊಳ್ಳುತ್ತಿದ್ದೆವು. ಎರಡು ಕಂಬಗಳಿಗೆ ಸಾಮಗ್ರಿ, ಅಚ್ಚು, ಕೂಲಿ, ಪಾಲಿಶ್ ಎಲ್ಲ ಸೇರಿ 14,500 ರೂಪಾಯಿ ಆಯಿತು. ಅದರಲ್ಲಿ ಅಚ್ಚಿನದೇ 3,000. ಒಂದೇ ಮೂಲೆ ಮಾಡಿಸುವವರಿಗೂ ಅಚ್ಚಿನ ಖರ್ಚು ಅಷ್ಟೇ ಬರುತ್ತದೆ, ಅದನ್ನು ಲೆಕ್ಕದಲ್ಲಿಟ್ಟುಕೊಳ್ಳಬೇಕು. ದರವನ್ನು ಬಿಡಿಬಿಡಿಯಾಗಿ ಚೀಟಿಯಲ್ಲಿ ಬರೆದುಕೊಟ್ಟರು, ಕೊನೆಯಲ್ಲಿ ಒಂದು ರೂಪಾಯಿಯೂ ಏರಲಿಲ್ಲ.

ಈಗ 14 ತಿಂಗಳಾಗಿದೆ, ಒಂದು ಇಡೀ ಮಳೆಗಾಲ ಮತ್ತು ಎರಡು ಬೇಸಿಗೆಗಳು ಕಳೆದಿವೆ. ವೆನೀರ್ ಎಲ್ಲಿಯೂ ಎದ್ದಿಲ್ಲ, ನೇರ ಹಲಗೆಯೊಂದಿಗಿನ ಸಂದು ಬಿಟ್ಟಿಲ್ಲ. ಒಲೆಯ ಕಡೆಯ ಕಂಬದ ಮೇಲೆ ಒಗ್ಗರಣೆಯ ಎಣ್ಣೆ ಸಿಡಿದು ಕುಳಿತದ್ದು ಒದ್ದೆ ಬಟ್ಟೆಯಲ್ಲಿ ಹೋಗುತ್ತದೆ. ಮೂಲೆ ಚೂಪಾಗಿದ್ದಾಗ ಅಂಚಿನ ಪಟ್ಟಿಯ ಸಂದಿಯಲ್ಲಿ ಕಪ್ಪು ಗೆರೆ ಕಟ್ಟುತ್ತಿತ್ತು, ಈಗ ಅಲ್ಲಿ ಅಂಚೇ ಇಲ್ಲ. ಅತ್ತೆಯವರು ಈಗ ಆ ಮೂಲೆ ಸುತ್ತುವಾಗ ಕಂಬದ ಮೇಲಿನ ಕಲ್ಲನ್ನು ಹಿಡಿದುಕೊಂಡೇ ತಿರುಗುತ್ತಾರೆ. ಹೆದರಿ ದೂರ ಸರಿಯುತ್ತಿದ್ದ ಜಾಗ ಅವರಿಗೆ ಆಸರೆಯಾಗಿರುವುದನ್ನು ನೋಡಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಬೇಗ ಆಗಬೇಕು, ಬಣ್ಣ ಒಂದಿಷ್ಟೂ ಆಚೀಚೆ ಆಗಬಾರದು ಎನ್ನುವವರು ಈ ಅಂಗಡಿಗೆ ಹೋಗುವ ಮೊದಲು ಎರಡು ಸಲ ಯೋಚಿಸಲಿ. ಕಾಯಲು ಸಿದ್ಧವಿರುವವರು, ವೆನೀರನ್ನು ತಾವೇ ಒಂದೇ ಕಟ್ಟಿನಿಂದ ಆರಿಸಿ ತರಬಲ್ಲವರು, ಸ್ಕರ್ಟಿಂಗ್ ಯಾವುದರಿಂದ ಮಾಡುತ್ತೀರೆಂದು ಮೊದಲೇ ಕೇಳಿ ಬರೆಸಿಕೊಳ್ಳುವವರು ಧೈರ್ಯವಾಗಿ ಕೆಲಸ ಕೊಡಬಹುದು. ಬೇರೆ ಯಾವ ಊರಿನಲ್ಲಿ ಮಾಡಿಸುವವರಿಗೂ ನನ್ನ ಸಲಹೆ ಇಷ್ಟೇ: ಮಾಡಿದ ಕಂಬದ ಫೋಟೋ ಕೇಳುವ ಮೊದಲು ಅವರು ಕಟ್ಟಿದ ಅಚ್ಚನ್ನು ತೋರಿಸಲು ಕೇಳಿ, ಅದರ ಮೇಲೆ ಕೈಯಾಡಿಸಿ.

ಕೆಲಸ ಮುಗಿದ ದಿನ ಆಚಾರ್ಯರು ನಮ್ಮ ಅಚ್ಚನ್ನು ಗೋಣಿತಾಟಿನಲ್ಲಿ ಸುತ್ತಿ ತಂದು ಮನೆಯಲ್ಲಿಟ್ಟು ಹೋದರು. ಹಣ ಕೊಟ್ಟವರು ನಾವು, ಆದ್ದರಿಂದ ಅದು ನಮ್ಮದು ಎಂಬುದು ಅವರ ಲೆಕ್ಕ. ಅಟ್ಟದ ಮೇಲಿದೆ. ಒಳಗಿನ ಹಲಗೆಯ ಮೇಲೆ ಪೆನ್ಸಿಲಿನಲ್ಲಿ 130 ಎಂದೂ, ಅದರ ಕೆಳಗೆ “ನಾಲ್ಕು ಪದರ” ಎಂದೂ ಬರೆದಿದ್ದಾರೆ, ಮುಂದೆ ಯಾವಾಗಲಾದರೂ ಒಂದು ಕಂಬ ಕೆಟ್ಟು ಇನ್ನೊಬ್ಬರು ಮಾಡಬೇಕಾಗಿ ಬಂದರೆ ಬೇಕಾಗುತ್ತದೆಂದು.